ನರ ಸಿಗಬೇಕಾದ್ದು ಬೆರಳಿಗೆ

ಡಿಎಂಎಲ್‌ಟಿ, ಅಂದರೆ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಓದುವ ಮಕ್ಕಳಿಗೆ ರಕ್ತ ತುಂಬುವ ಟ್ಯೂಬ್‌ಗಳ ಮುಚ್ಚಳದ ಬಣ್ಣವೆಲ್ಲ ಬಾಯಿಪಾಠ. ಆದರೂ ಮೊದಲ ಸಲ ರಕ್ತ ತೆಗೆಯಲು ರೋಗಿಯ ತೋಳು ಹಿಡಿದಾಗ ಬಹುತೇಕರು ಬಗ್ಗಿ ಕಣ್ಣಲ್ಲೇ ನರ ಹುಡುಕುತ್ತಾರೆ. ನಾನು ಮೊದಲು ಬಿಡಿಸುವುದು ಇದನ್ನೇ. ಮೊದಲ ವಾರ ಸೂಜಿ ಮುಟ್ಟಿಸುವುದಿಲ್ಲ. ಕಣ್ಣು ಮುಚ್ಚಿಸಿ, ಒಬ್ಬರ ಮೊಣಕೈ ಮಡಿಕೆಯನ್ನು ಇನ್ನೊಬ್ಬರು ತಡಕುವಂತೆ ಮಾಡುತ್ತೇನೆ. ಒತ್ತಿ ಬಿಟ್ಟಾಗ ಮೆತ್ತಗೆ ಪುಟಿದರೆ ಅದು ನಮಗೆ ಬೇಕಾದ ನಾಳ. ಹಗ್ಗದಂತೆ ಬಿಗಿಯಾಗಿದ್ದರೆ ಸ್ನಾಯುವಿನ ತುದಿ. ಮಿಡಿದರೆ ಅಪಧಮನಿ, ಅಲ್ಲಿಗೆ ಸೂಜಿ ಹೋಗಕೂಡದು. ಪ್ಲಾಸ್ಟಿಕ್ ತೋಳಿನಲ್ಲಿ ಸೂಜಿಯ ಓರೆ ಕಲಿಯಬಹುದು, ಈ ವ್ಯತ್ಯಾಸ ಕಲಿಯಲಾಗದು.

ನಮ್ಮ ಆಡುಮಾತಿನಲ್ಲಿ ರಕ್ತ ಹರಿಯುವುದೂ ನರವೇ, ಜುಮ್ಮೆನ್ನುವುದೂ ನರವೇ. ಈ ಗೊಂದಲವನ್ನು ತರಗತಿಯಲ್ಲೇ ತೀರಿಸಬೇಕು. ಮೊಣಕೈಯ ಒಳಬದಿಯ ನಾಳ ದಪ್ಪಗೆ ಕಂಡು ಆಸೆ ಹುಟ್ಟಿಸುತ್ತದೆ. ಅದರ ಆಸುಪಾಸಿನಲ್ಲೇ ಅಪಧಮನಿಯೂ ನಿಜವಾದ ನರಗಳೂ ಇವೆ. ಆದ್ದರಿಂದ ಮೊದಲು ನಡುವಿನದನ್ನು ನೋಡಿ. "ಅಯ್ಯೋ, ಕರೆಂಟ್ ಹೊಡೆದಂಗಾಯ್ತು ಕಣಮ್ಮ" ಎಂದು ರೋಗಿ ಅಂದರೆ ಅರೆಕ್ಷಣವೂ ಕಾಯದೆ ಸೂಜಿ ಹೊರತೆಗೆಯಿರಿ.

ತೋಳಿನ ಪಟ್ಟಿ 1 ನಿಮಿಷಕ್ಕಿಂತ ಹೆಚ್ಚು ಬಿಗಿದಿರಬಾರದು. ಮುಷ್ಟಿಯನ್ನು ಪದೇಪದೇ ಹಿಡಿದು ಬಿಡಿಸುವುದೂ ಬೇಡ, ವರದಿಯಲ್ಲಿ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ. ಸ್ಪಿರಿಟ್ ತಾನಾಗಿ ಒಣಗಲಿ.

ಟ್ಯೂಬ್ ತುಂಬುವ ಕ್ರಮವನ್ನು ನಾನು ಕಲಿತದ್ದು ತಪ್ಪು ಮಾಡಿ. ಕಲಿಯುವ ದಿನಗಳಲ್ಲಿ ಒಮ್ಮೆ ಕೆಂಪು ಟ್ಯೂಬಿಗೆ ರಕ್ತ ಸಾಲಲಿಲ್ಲ; ನೇರಳೆಯಲ್ಲಿ ಹೆಚ್ಚಾದದ್ದನ್ನು ಅದಕ್ಕೆ ಸುರಿದೆ. ವರದಿಯಲ್ಲಿ ಪೊಟ್ಯಾಸಿಯಂ ಗಾಬರಿ ಹುಟ್ಟಿಸುವಷ್ಟು ಹೆಚ್ಚು, ಕ್ಯಾಲ್ಸಿಯಂ ಪಾತಾಳದಲ್ಲಿ. ಆರಾಮಾಗಿ ಕೂತು ಚಹಾ ಕುಡಿಯುತ್ತಿದ್ದ ಅಜ್ಜನನ್ನು ನೋಡಿಯೇ ನಮ್ಮ ಹಿರಿಯ ಟೆಕ್ನಿಷಿಯನ್‌ಗೆ ಅನುಮಾನ ಬಂದು, ಮತ್ತೆ ರಕ್ತ ತೆಗೆಸಿದರು. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಪೊಟ್ಯಾಸಿಯಂ ಲವಣದ ರೂಪದಲ್ಲಿರುತ್ತದೆ, ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಅದರ ಹನಿಯೂ ಕೆಂಪಿಗೆ ಸೇರಬಾರದು. ಹಾಗಾಗಿ ತಿಳಿನೀಲಿ, ಕೆಂಪು, ಹಸಿರು ಆದಮೇಲೆ ನೇರಳೆ, ಕೊನೆಗೆ ಬೂದು. ಒಂದರಿಂದ ಇನ್ನೊಂದಕ್ಕೆ ಎಂದೂ ಸುರಿಯಬೇಡಿ. ಆ ವರದಿ ನಂಬಿ ಅಜ್ಜನಿಗೆ ಔಷಧಿ ಕೊಟ್ಟಿದ್ದರೆ ಎಂಬ ಯೋಚನೆ ಈಗಲೂ ಬರುತ್ತದೆ.

ಎರಡು ಸಲ ಚುಚ್ಚಿಯೂ ಸಿಗದಿದ್ದರೆ ಹಿರಿಯರನ್ನು ಕರೆಯಿರಿ, ಅದರಲ್ಲಿ ಅವಮಾನವಿಲ್ಲ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. 2016ರ ಜೈವಿಕ ತ್ಯಾಜ್ಯ ನಿಯಮಗಳಂತೆ ಅದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹೋಗಬೇಕು. ವಾರ್ಡಿಗೆ ಕಾಲಿಡುವ ಮುನ್ನ ಹೆಪಟೈಟಿಸ್ ಬಿ ಲಸಿಕೆಯ 3 ಡೋಸ್ ಮುಗಿದಿರಲಿ. ಅಷ್ಟಾಗಿಯೂ ಕೈಗೆ ಚುಚ್ಚಿಕೊಂಡರೆ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆದು ಕೂಡಲೇ ತಿಳಿಸಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುವಾಗಬೇಕು. ಬೈಗುಳಕ್ಕೆ ಹೆದರಿ ಎರಡು ದಿನ ಬಾಯಿ ಬಿಡದ ವಿದ್ಯಾರ್ಥಿನಿಯನ್ನು ಕಂಡಿದ್ದೇನೆ. ಅಂದಿನಿಂದ ಪ್ರತಿ ಬ್ಯಾಚಿಗೂ ಮೊದಲ ದಿನವೇ ನನ್ನ ಫೋನ್ ನಂಬರ್ ಬರೆಸುತ್ತೇನೆ, ನಡುರಾತ್ರಿಯಾದರೂ ಮಾಡಿ ಎನ್ನುತ್ತೇನೆ.