ಟ್ರೇನಿಂಗ್ ಲ್ಯಾಂಡ್ ಮ್ಯಾನೇಜ್ಮೆಂಟ್ ಅಂದ್ರ ಏನು? ಟ್ಯಾಂಕ್ ಓಡಾಡೋ ನೆಲದ ಲೆಕ್ಕ

ನಮ್ಮ ಅಕ್ಕಲಕೋಟ, ಜತ್ತ ಕಡಿ ಮಿಲಿಟ್ರಿಗೆ ಹೋದವ್ರು ರಜಾಕ್ಕ ಬಂದಾಗ "ರೇಂಜಿಗೆ ಹೋಗಿದ್ವಿ, ಫೈರಿಂಗ್ ಇತ್ತು" ಅಂತ ಹೇಳೋದು ಕೇಳೇ ಇರ್ತೀರಿ. ಆ ರೇಂಜ್ ಅನ್ನೋದು ಸಾವಿರಾರು ಎಕರೆ ನೆಲ, ಅಲ್ಲಿ ವರ್ಷಾನುಗಟ್ಟಲೆ ತೋಪು ಹಾರಸ್ತಾರ, ಟ್ಯಾಂಕ್ ಓಡಸ್ತಾರ, ಬಂಕರ್ ತೋಡ್ತಾರ. ಆ ನೆಲ ಪೂರಾ ಹಾಳಾಗದಂಗ, ಮುಂದಿನ ಬ್ಯಾಚಿಗೂ ಟ್ರೇನಿಂಗಿಗೆ ಬರೋ ಹಂಗ ನೋಡ್ಕೊಳ್ಳೋ ಕೆಲಸಕ್ಕ ಸಸ್ಟೈನೆಬಲ್ ಟ್ರೇನಿಂಗ್ ಲ್ಯಾಂಡ್ ಮ್ಯಾನೇಜ್ಮೆಂಟ್ ಅಂತಾರ. ಇದು ಪರಿಸರ ಪ್ರೀತಿಯಿಂದ ಹುಟ್ಟಿದ್ದು ಅಂತ ತಿಳ್ಕೋಬ್ಯಾಡ್ರಿ, ಮೊದಲನೇ ಕಾರಣ ಪಕ್ಕಾ ಸ್ವಾರ್ಥ.

ಹ್ಯಾಂಗ ಅಂದ್ರ, ಒಂದು ಟಿ-90 ಟ್ಯಾಂಕಿನ ತೂಕ ಸುಮಾರು 46 ಟನ್. ನೆಟ್ಟಗ ಓಡಿದ್ರ ಹುಲ್ಲು ನೆಲಕಚ್ತದ ಅಷ್ಟ, ಆದ್ರ ಗಕ್ಕನೆ ತಿರುಗಿದಾಗ ಅದರ ಚೈನು ಹುಲ್ಲಿನ ಬೇರು ಸಮೇತ ಕಿತ್ತು ಹಾಕ್ತದ, ಹಸಿ ಎರಿ ಮಣ್ಣಾಗಂತೂ ಕೇಳಬ್ಯಾಡ್ರಿ. ತುಳಿದು ಗಟ್ಟಿಯಾದ ಮಣ್ಣಾಗ ನೀರು ಇಂಗೂದಿಲ್ಲ, ಮ್ಯಾಲೆ ಮ್ಯಾಲೆ ಹರದು ಕೊರಕಲು ಬೀಳ್ತಾವ, ನಾಲ್ಕು ಮಳಿಗಾಲ ಹೋದ್ರ ಆ ಕೊರಕಲೊಳಗ ಗಾಡಿ ಪಲ್ಟಿ ಹೊಡೀತಾವ, ಬ್ಯಾಸಗ್ಯಾಗ ಧೂಳು ಎದ್ದು ಮುಂದಿಂದು ಕಾಣೂದಿಲ್ಲ. ಟ್ರೇನಿಂಗ್ ಮಾಡೋ ಜಾಗಾದಾಗ ಟ್ರೇನಿಂಗೇ ಆಗ್ದಂಗ ಆಗ್ತದ. ಹೊಸ ನೆಲ ಎಲ್ಲಿಂದ ತರ್ತೀರಿ?

ಅದಕ್ಕ ಇದರ ನಡುಗಂಬ ಅಂದ್ರ ಕ್ಯಾರಿಯಿಂಗ್ ಕೆಪ್ಯಾಸಿಟಿ, ಅಂದ್ರ ನೆಲ ಎಷ್ಟು ತಡ್ಕೋತದ ಅನ್ನೋ ಲೆಕ್ಕ. ನಮ್ಮ ಕುರಿ ಮೇಸೋರು ಗಾಯರಾನದಾಗ ಹುಲ್ಲು ನೋಡಿ ಇಲ್ಲಿ ಎರಡು ದಿನ ಸಾಕು, ಮುಂದ ನಡೀರಿ ಅಂತಾರಲ್ಲ, ಅದೇ ಬುದ್ಧಿ, ಕುರಿ ಜಾಗಾದಾಗ ಟ್ಯಾಂಕು. ಅಮೆರಿಕದ ಸೈನ್ಯ 1980ರ ದಶಕದಿಂದ ಇದಕ್ಕೊಂದು ಪದ್ಧತಿ ಕಟ್ಕೊಂಡು ಬಂದದ, ಅದರ ಹೆಸರು ಇಂಟಿಗ್ರೇಟೆಡ್ ಟ್ರೇನಿಂಗ್ ಏರಿಯಾ ಮ್ಯಾನೇಜ್ಮೆಂಟ್. ಅವ್ರು ಒಂದು ಅಳತಿನೂ ಮಾಡ್ಕೊಂಡಾರ, ಮೆನೂವರ್ (ಅಂದ್ರ ಸೈನ್ಯದ ಓಡಾಟದ ಅಭ್ಯಾಸ) ಇಂಪ್ಯಾಕ್ಟ್ ಮೈಲ್ ಅಂತ: ಎಕ್ಸರ್ಸೈಜ್ ಒಳಗ ಎಂ1ಎ2 ಟ್ಯಾಂಕ್ ಒಂದು ಮೈಲಿ ಓಡಿದ್ರ ಮಣ್ಣಿನ ಸವಕಳಿಗೆ ಎಷ್ಟು ಪೆಟ್ಟು ಬೀಳ್ತದೋ ಅದು ಒಂದು ಯುನಿಟ್. ಜೀಪು, ಟ್ರಕ್ಕು, ಬ್ಯಾರೆ ಗಾಡಿ ಎಲ್ಲಾನೂ ಅದೇ ಯುನಿಟ್ಟಿಗೆ ತರ್ತಾರ. ಆಮ್ಯಾಲ ಆ ಜಾಗಾದ ಮಣ್ಣು ಎಂಥದು, ಇಳಿಜಾರು ಎಷ್ಟು, ಮಳಿ ಎಷ್ಟು, ಹುಲ್ಲು ಎಷ್ಟು ಮುಚ್ಚ್ಯದ ಅಂತ ಹಾಕಿ ನೋಡಿದ್ರ ಈ ವರ್ಷ ಎಷ್ಟು ಟ್ರೇನಿಂಗ್ ಮಾಡಬಹುದು ಅಂತ ಒಂದು ಅಂದಾಜು ಸಿಗ್ತದ. ಆ ಅಂದಾಜು ದಾಟಿತಂದ್ರ ಆ ಬ್ಲಾಕಿಗೆ ರೆಸ್ಟ್ ಕೊಡ್ತಾರ, ಹುಲ್ಲಿನ ಬೀಜ ಬಿತ್ತತಾರ, ಹಳ್ಳ ದಾಟೋ ಜಾಗಾಕ್ಕ ಕಲ್ಲು ಹಾಸ್ತಾರ, ಇಲ್ಲಾ ಎಕ್ಸರ್ಸೈಜ್ ತಾರೀಖನ್ನೇ ಮುಂದ ಹಾಕ್ತಾರ.

ಇನ್ನ ಹಕ್ಕಿ ಕಥಿ, ಇದು ನನಗ ಭಾಳ ಮಜಾ ಅನಿಸ್ತದ. ನಮ್ಮ ಸೊಲ್ಲಾಪುರ ನಾನ್ನಜದಾಗ ಮಾಳಢೋಕ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಂತನೇ 1979ರಾಗ ಅಭಯಾರಣ್ಯ ಮಾಡಿದ್ರು, ಈಗ ಅಲ್ಲಿ ಹಕ್ಕಿ ಕಾಣೋದೇ ಅಪರೂಪ. ಅದೇ ಹಕ್ಕಿ ರಾಜಸ್ಥಾನದಾಗ ಇನ್ನೂ ಉಳದದ, ಅದೂ ಎಲ್ಲಿ ಅಂದ್ರ ಪೋಖ್ರಣ್ ಫೀಲ್ಡ್ ಫೈರಿಂಗ್ ರೇಂಜಿನಾಗೂ! ಬಾಂಬ್ ಬೀಳೋ ಜಾಗಾದಾಗ ನೇಗಿಲು ಹೊಡಿಯಂಗಿಲ್ಲ, ಪ್ಲಾಟ್ ಹಾಕಂಗಿಲ್ಲ, ಅದಕ್ಕ ಹುಲ್ಲುಗಾವಲು ಹಂಗೇ ಇರ್ತದ. ಇಂಗ್ಲೆಂಡಿನ ಸಾಲ್ಸ್‌ಬರಿ ಪ್ಲೇನ್ ಅನ್ನೋ ಸುಮಾರು 38,000 ಹೆಕ್ಟೇರಿನ ಟ್ರೇನಿಂಗ್ ಏರಿಯಾದಾಗೂ ಹಿಂಗೇ, ಆ ದೇಶದಾಗ 1832ರ ಸುಮಾರಿಗೆ ಪೂರಾ ಮುಗದೇ ಹೋಗಿದ್ದ ಗ್ರೇಟ್ ಬಸ್ಟರ್ಡ್‌ನ, ಅಂದ್ರ ನಮ್ಮ ಮಾಳಢೋಕದ ಸಂಬಂಧಿನ, 2004ರಿಂದ ಅಲ್ಲೇ ತಂದು ಬಿಟ್ಟಾರ. ಇನ್ನೂ ವಿಚಿತ್ರ ಅಂದ್ರ ಅಲ್ಲಿ ಫೇರಿ ಶ್ರಿಂಪ್ ಅನ್ನೋ ಸಣ್ಣ ಸಿಗಡಿಯಂಥ ಹುಳ ಟ್ಯಾಂಕ್ ತಗ್ಗಿನಾಗ ನಿಂತ ಮಳಿ ನೀರಾಗೇ ಬದುಕ್ತದ, ಒಣಗಿದ ಕೆಸರಾಗಿನ ಅದರ ತತ್ತಿ ಟ್ಯಾಂಕಿನ ಚೈನಿಗೆ ಮೆತ್ಗೊಂಡು ಇನ್ನೊಂದು ತಗ್ಗಿಗೆ ಹೋಗ್ತಾವ.

ಅಮೆರಿಕದ ಫೋರ್ಟ್ ಬ್ರ್ಯಾಗ್ ಅನ್ನೋ ಸೈನ್ಯದ ಬೇಸಿನಾಗ ಮಾತ್ರ ಮೊದಲು ಜಗಳ ಆಗಿತ್ತು. ಅಳಿವಿನ ಅಂಚಿನಾಗಿದ್ದ ಒಂದು ಜಾತಿ ಮರಕುಟಿಗ ಹಕ್ಕಿ ಗೂಡಿನ ಸುತ್ತ ಟ್ರೇನಿಂಗ್ ಬಂದ್ ಮಾಡ್ರಿ ಅಂತ 1990ರ ದಶಕದಾಗ ನಿರ್ಬಂಧ ಬಂತು. ಆಮ್ಯಾಲ ಆ ಹಕ್ಕಿಗೆ ಬೇಕಾದಂಗ ಅಡಿಯ ಪೊದಿ ಕಡಿಮಿ ಆಗ್ಲಿ ಅಂತ ಪೈನ್ ಕಾಡಿಗೆ ಬೇಕಂತಲೇ ಹದವಾಗಿ ಬೆಂಕಿ ಹಾಕಿ, ಬೇಸಿನ ಹೊರಗಿನ ಜಮೀನಿನವರ ಜೊತಿ ಒಪ್ಪಂದ ಮಾಡಿ ಹಕ್ಕಿ ಸಂಖ್ಯೆ ಏರಿಸಿದ್ರು, 2006ಕ್ಕ ಗುರಿ ಮುಟ್ಟಿತು, ನಿರ್ಬಂಧನೂ ಸಡಿಲ ಆತು.

ಹಂಗಂತ ಮಿಲಿಟ್ರಿ ಇದ್ದಲ್ಲಿ ನಿಸರ್ಗ ಸುರಕ್ಷಿತ ಅನ್ನೋರ ಮಾತು ನಾ ಒಪ್ಪೂದಿಲ್ಲ. ಪೋರ್ಟೊರಿಕೊದ ವಿಯೆಕೆಸ್ ದ್ವೀಪದಾಗ ಅಮೆರಿಕದ ನೌಕಾಪಡೆ ಬಾಂಬ್ ಪ್ರಾಕ್ಟೀಸ್ 2003ರಾಗ ನಿಂತದ, ಸಿಡಿಯದೇ ಉಳದ ಬಾಂಬು ತೆಗಿಯೋ ಕೆಲಸ ಮಾತ್ರ ದಶಕಗಟ್ಟಲೆ ನಡದದ.

ಒಂದು ಮಾತು ನಡುವ, ಇದನ್ನ ನಮ್ಮ ಇಕೋ ಬಟಾಲಿಯನ್ ಜೊತಿ ಕಲಸಬ್ಯಾಡ್ರಿ. 1982ರಾಗ ಮಸೂರಿ ಗುಡ್ಡದ ಸುಣ್ಣಕಲ್ಲಿನ ಗಣಿ ಹಾಳು ಮಾಡಿದ್ದನ್ನ ಸರಿ ಮಾಡ್ಲಿಕ್ಕೆ ಟೆರಿಟೋರಿಯಲ್ ಆರ್ಮಿಯ 127ನೇ ಬಟಾಲಿಯನ್ ಕಟ್ಟಿದ್ರು, ಅದು ಬ್ಯಾರೆಯವ್ರು ಕೆಡಿಸಿದ ನೆಲದ ಕೆಲಸ, ಇಲ್ಲಿ ಮಾತಾಡೋದು ಸೈನ್ಯ ತಾನೇ ತುಳಿಯೋ ನೆಲದ್ದು.

ನಮ್ಮ ದೇಶದಾಗ ರಕ್ಷಣಾ ಇಲಾಖೆ ಕೈಯಾಗ ಸುಮಾರು 18 ಲಕ್ಷ ಎಕರೆ ಅದ. ಅದು ಸಾಕಾಗದಿದ್ದಾಗ 1938ರ ಮೆನೂವರ್ಸ್ ಫೀಲ್ಡ್ ಫೈರಿಂಗ್ ಕಾಯ್ದೆ ಪ್ರಕಾರ ರಾಜ್ಯ ಸರ್ಕಾರ ನೋಟಿಫಿಕೇಶನ್ ಹೊರಡಿಸಿ ಮಂದಿ ಇರೋ ಜಾಗಾನೂ ಪ್ರಾಕ್ಟೀಸಿಗೆ ಕೊಡಬಹುದು, ನುಕ್ಸಾನ ಆದ್ರ ಪರಿಹಾರ. ಮಣ್ಣಿನ ಲೆಕ್ಕ, ಹಕ್ಕಿ ಲೆಕ್ಕ ಎಲ್ಲಾ ಸರಿ, ಮಂದಿ ಲೆಕ್ಕ ಇಲ್ಲೇ ತಪ್ಪೋದು. ಸಾಲ್ಸ್‌ಬರಿದಾಗೂ ಇಂಬರ್ ಅನ್ನೋ ಹಳ್ಳಿನ 1943ರಾಗ ಖಾಲಿ ಮಾಡಿಸಿದ್ರು, ಮತ್ತ ವಾಪಸ್ ಬರ್ಲಿಕ್ಕೆ ಬಿಡ್ಲೇ ಇಲ್ಲ. ಜಾರ್ಖಂಡಿನ ನೇತರ್‌ಹಾಟ್‌ದಾಗ 1964ರಿಂದ ತೋಪಿನ ಪ್ರಾಕ್ಟೀಸ್ ಇತ್ತು, ಫೈರಿಂಗ್ ಇದ್ದಾಗ ಆದಿವಾಸಿಗಳು ಮನಿ ಬಿಟ್ಟು ಹೊರಗ ಹೋಗಬೇಕಿತ್ತು. 1990ರ ದಶಕದಾಗ ಅವ್ರು ಎದ್ದು ನಿಂತ್ರು, ಪ್ರಾಕ್ಟೀಸ್ ನಿಂತಿತು, ಆದ್ರ ಕಾಗದದ ಮ್ಯಾಲೆ ರೇಂಜ್ ಹಂಗೇ ಇತ್ತು, ಕಡೀಕ 2022ರ ಆಗಸ್ಟ್‌ನಾಗ ಸರ್ಕಾರ ನೋಟಿಫಿಕೇಶನ್ ಮುಂದುವರಸೂದಿಲ್ಲ ಅಂತ ಹೇಳ್ತು.