ಸ್ವಿಫ್ಟ್ ಡೀಸೆಲ್ ರಿಮ್ಯಾಪ್: ಘಟ್ಟ ಏರುವಾಗ ನಿಜಕ್ಕೂ ಎಷ್ಟು ಪವರ್ ಸಿಗುತ್ತದೆ?

ಪ್ರಶ್ನೆ: ನಮ್ದು 2014ರ ಸ್ವಿಫ್ಟ್ ಡೀಸೆಲ್ ಐತ್ರಿ, 1.3 ಲಕ್ಷ ಕಿ.ಮೀ. ಓಡೈತಿ. ಅಂಕೋಲಾದಿಂದ ವಾಪಸ್ ಬರುವಾಗ ಅರಬೈಲ್ ಘಟ್ಟದಾಗ ಮೊದಲಿನಂಗ ಎಳಿಯೂದಿಲ್ಲ. ರಿಮ್ಯಾಪ್ ಮಾಡ್ಸಿದ್ರ 25–30 ಹಾರ್ಸ್‌ಪವರ್ ಜಾಸ್ತಿ ಬರ್ತೈತಿ ಅಂತಾರ. ಮಾಡಸ್ಬೇಕೋ ಬ್ಯಾಡೋ? ಜೋಡಿ ಮತ್ತೇನೇನು ಬದಲಿ ಮಾಡಸ್ಬೇಕು? (ಹುಬ್ಬಳ್ಳಿ ಗೋಕುಲ ರೋಡಿನ ಓದುಗರು)

ಉತ್ತರ: ಗಾಡಿ ಮೊದಲು ಚೆನ್ನಾಗಿ ಎಳೆಯುತ್ತಿತ್ತು, ಈಗ ಎಳೆಯುತ್ತಿಲ್ಲ ಅಂದರೆ ಕಂಪನಿ ಕೊಟ್ಟ 75 ಪಿಎಸ್‌ನಲ್ಲೇ (ಒಂದು ಪಿಎಸ್ ಅಂದರೆ ಹೆಚ್ಚುಕಡಿಮೆ ಒಂದು ಹಾರ್ಸ್‌ಪವರ್) ಒಂದಿಷ್ಟು ಎಲ್ಲೋ ಸೋರಿಹೋಗಿದೆ. ಅದನ್ನು ಹುಡುಕದೆ ರಿಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಾವಣೆ, ಮಾಡಿಸಿದರೆ ದೋಷ ಇದ್ದಲ್ಲೇ ಇರುತ್ತದೆ, ಅದರ ಮೇಲೆ ಹೆಚ್ಚು ಡೀಸೆಲ್ ಸುರಿದಂತಾಗುತ್ತದೆ. ಹಾಗಾಗಿ ಈಗಲೇ ಬೇಡ. ಮೊದಲು ಇದ್ದ ಪವರ್ ವಾಪಸ್ ತನ್ನಿ. ಅದಾದ ಮೇಲೂ ಸಾಲದು ಅನ್ನಿಸಿದರೆ ಎಷ್ಟು ಸಿಗುತ್ತದೆ, ಅದಕ್ಕೆ ಏನು ತೆರಬೇಕಾಗುತ್ತದೆ ಅನ್ನುವುದನ್ನು ಕೆಳಗೆ ನೋಡೋಣ.

ನಿಮ್ಮ ಗಾಡಿಯಲ್ಲಿರುವುದು ಫಿಯಟ್ ವಿನ್ಯಾಸದ 1248 ಸಿಸಿ ಮಲ್ಟಿಜೆಟ್ ಎಂಜಿನ್. 4000 ಆರ್‌ಪಿಎಂನಲ್ಲಿ 75 ಪಿಎಸ್, 2000ದಲ್ಲಿ 190 ಎನ್‌ಎಂ ಟಾರ್ಕ್. ಇದೇ ಎಂಜಿನ್ ಎರ್ಟಿಗಾ ಮತ್ತು ಎಸ್‌ಎಕ್ಸ್4ನಲ್ಲಿ 90 ಪಿಎಸ್, 200 ಎನ್‌ಎಂ ಕೊಡುತ್ತಿತ್ತು. ಅಂದರೆ 90ರ ಆಸುಪಾಸಿನ ಪವರ್ ಈ ಎಂಜಿನ್‌ಗೆ ಹೊಸದಲ್ಲ. ಆದರೆ ಅವುಗಳಲ್ಲಿ ಇದ್ದದ್ದು ಒಳಗಿನ ರೆಕ್ಕೆಗಳ ಕೋನ ಬದಲಾಗುವ ವೇರಿಯಬಲ್ ಜಿಯೋಮೆಟ್ರಿ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ). ಸ್ವಿಫ್ಟ್‌ನಲ್ಲಿರುವುದು ಫಿಕ್ಸ್ಡ್ ಜಿಯೋಮೆಟ್ರಿಯದು. ಸುಮಾರು 1800 ಆರ್‌ಪಿಎಂ ಕೆಳಗೆ ಅದಕ್ಕೆ ಗಾಳಿ ತುಂಬುವ ತಾಕತ್ತಿಲ್ಲ. ಗಾಳಿ ಇಲ್ಲದ ಕಡೆ ಸಾಫ್ಟ್‌ವೇರ್ ಎಷ್ಟೇ ಡೀಸೆಲ್ ಸುರಿದರೂ ಕಪ್ಪು ಹೊಗೆ ಬರುತ್ತದೆಯೇ ಹೊರತು ಎಳೆತ ಬರುವುದಿಲ್ಲ. ತಿರುವಿನಲ್ಲಿ ವೇಗ ಇಳಿದು ಟರ್ಬೊ ಮಲಗಿಬಿಡುತ್ತದಲ್ಲ, ಆ ತೊಂದರೆ ರಿಮ್ಯಾಪ್‌ನಿಂದ ಪೂರ್ತಿ ಹೋಗುವುದಿಲ್ಲ.

ಪರೀಕ್ಷೆಯನ್ನು ಏರ್ ಫಿಲ್ಟರ್‌ನಿಂದ ಶುರು ಮಾಡಿ. ಅಣ್ಣಿಗೇರಿ, ನವಲಗುಂದ, ಗದಗ ಕಡೆ ಓಡಾಟ ಇದ್ದರೆ ಎರಿ ಮಣ್ಣಿನ ಧೂಳಿಗೆ ಸರ್ವಿಸ್ ಪುಸ್ತಕದಲ್ಲಿ ಹೇಳಿದ ಅವಧಿ ಸಾಲದು. ಅದರ ಅರ್ಧಕ್ಕೇ ಬದಲಿಸಿ. ಕಂಪ್ರೆಸರ್ ಗಾಳಿಯನ್ನು ಹೊರಗಿನಿಂದ ಒಳಕ್ಕೆ ಹೊಡೆಯಬಾರದು, ಕಾಗದದ ರಂಧ್ರಗಳಲ್ಲಿ ಧೂಳು ಇನ್ನಷ್ಟು ಹೂತುಕೊಳ್ಳುತ್ತದೆ. ಎಣ್ಣೆ ಹಚ್ಚಿದ ಹತ್ತಿಯ ಕೋನ್ ಫಿಲ್ಟರ್ ಹಾಕಿಸಿ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಆ ಎಣ್ಣೆ ಏರ್ ಫ್ಲೋ ಸೆನ್ಸರ್‌ನ ತಂತಿಯ ಮೇಲೆ ಕೂತು ತಪ್ಪು ಲೆಕ್ಕ ಕೊಡುತ್ತದೆ. ಜೊತೆಗೆ ತೆರೆದ ಫಿಲ್ಟರ್ ಬಾನೆಟ್ ಒಳಗಿನ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತದೆ. ಗಾಳಿಯ ಉಷ್ಣತೆ 10 ಡಿಗ್ರಿ ಏರಿದರೆ ಸಾಂದ್ರತೆ ಸುಮಾರು 3 ಶೇಕಡಾ ಇಳಿಯುತ್ತದೆ, ಏಪ್ರಿಲ್-ಮೇ ಬಿಸಿಲಿನಲ್ಲಿ ಅದೇನು ಸಣ್ಣ ನಷ್ಟವಲ್ಲ.

ಮುಂದಿನದು ಬೂಸ್ಟ್ (ಟರ್ಬೊ ಒತ್ತಿ ಕಳಿಸುವ ಗಾಳಿಯ) ಪೈಪುಗಳು. ಈ ವಯಸ್ಸಿನ ಡೀಸೆಲ್ ಗಾಡಿಗಳಲ್ಲಿ ಪವರ್ ಹೋಗಲು ಇವೇ ದೊಡ್ಡ ಕಾರಣ. ಟರ್ಬೊದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಇನ್‌ಟೇಕ್‌ಗೆ ಹೋಗುವ ರಬ್ಬರ್ ಹೋಸ್‌ಗಳು ಬಾಗುವ ಕಡೆ, ಕ್ಲಾಂಪಿನ ಕೆಳಗೆ ಬಿರಿಯುತ್ತವೆ. ನಿಂತ ಗಾಡಿಯಲ್ಲಿ ನೋಡಿದರೆ ಏನೂ ಕಾಣದು, ಒತ್ತಡ ಬಂದಾಗಷ್ಟೇ ಬಿರುಕು ಬಾಯಿ ಬಿಡುತ್ತದೆ. ಆಕ್ಸಿಲರೇಟರ್ ಒತ್ತಿದಾಗ 'ಸುಯ್' ಸದ್ದು, ಹಿಂದೆ ಕಪ್ಪು ಹೊಗೆ, ಹೋಸ್ ಕೆಳಭಾಗದಲ್ಲಿ ಎಣ್ಣೆ ಹಿಡಿದ ಧೂಳಿನ ಪಟ್ಟಿ ಇದ್ದರೆ ಸೋರಿಕೆ ಅಲ್ಲೇ ಇದೆ. ಸ್ಮೋಕ್ ಟೆಸ್ಟ್ ಯಂತ್ರ ಇರುವ ಗ್ಯಾರೇಜ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಇನ್‌ಟೇಕ್‌ಗೆ ಕಡಿಮೆ ಒತ್ತಡದ ಗಾಳಿ ಬಿಟ್ಟು ಸೋಪಿನ ನೀರು ಹಾಕಿ ಗುಳ್ಳೆ ಬರುತ್ತದೆಯೇ ನೋಡಬಹುದು.

ಸ್ಕ್ಯಾನರ್ ಹಾಕಿದಾಗ ಒಂದು ಅಂಕಿ ತಪ್ಪದೆ ನೋಡಿ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಕೀ ಆನ್ ಮಾಡಿ, ಎಂಜಿನ್ ಶುರು ಮಾಡದೆ ಇದ್ದಾಗ ಮ್ಯಾಪ್ ಸೆನ್ಸರ್ (ಇನ್‌ಟೇಕ್ ಗಾಳಿಯ ಒತ್ತಡ ಅಳೆಯುವುದು) 93–94 ಕಿಲೋಪ್ಯಾಸ್ಕಲ್ ತೋರಿಸಬೇಕು. ಇಲ್ಲಿ ನಿಂತು 101 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಆಮೇಲೆ ಮೂರನೇ ಗೇರ್‌ನಲ್ಲಿ 2500 ಆರ್‌ಪಿಎಂ ಸುತ್ತ ಪೂರ್ತಿ ಆಕ್ಸಿಲರೇಟರ್ ಕೊಟ್ಟು, ಇಸಿಯು (ಎಂಜಿನ್ ಕಂಪ್ಯೂಟರ್) ಕೇಳಿದ ಬೂಸ್ಟ್ ಎಷ್ಟು, ಸಿಕ್ಕಿದ್ದೆಷ್ಟು ಅಂತ ಲಾಗ್ ಮಾಡಿಸಿ. ಎರಡರ ನಡುವೆ 15 ಕಿಲೋಪ್ಯಾಸ್ಕಲ್‌ಗಿಂತ ಹೆಚ್ಚು ಅಂತರ ಬಿಡದೆ ಉಳಿದರೆ ಹೋಸ್, ಟರ್ಬೊ ಆಕ್ಚುಯೇಟರ್, ಇಲ್ಲವೇ ಅದರ ಪೈಪ್‌ನಲ್ಲಿ ದೋಷ ಹುಡುಕಿ. ಎತ್ತರದ ನೆಪ ಅರಬೈಲ್‌ಗೆ ಒಪ್ಪುವುದಿಲ್ಲ ಅನ್ನುವುದೂ ನೆನಪಿರಲಿ. ಘಟ್ಟದ ಬುಡ ಕರಾವಳಿಗೆ ಹತ್ತಿರ, ಅಲ್ಲಿ ಗಾಳಿ ಹುಬ್ಬಳ್ಳಿಗಿಂತ ದಟ್ಟ.

ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವುದು) ಮತ್ತು ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಕಟ್ಟಿದ ಮಸಿ ತೆಗೆಸಿ, ಡೀಸೆಲ್ ಫಿಲ್ಟರ್ ಬದಲಿಸಿ. ಇಂಜೆಕ್ಟರ್‌ಗಳಿಗೆ ಲೀಕ್-ಆಫ್ ಟೆಸ್ಟ್ ಮಾಡಿಸಿ: ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪ್‌ಗೆ ನಾಲ್ಕು ಬಾಟಲಿ ಹಚ್ಚಿ ಐಡಲ್‌ನಲ್ಲಿ ಕೆಲವು ನಿಮಿಷ ಓಡಿಸಿದರೆ ಸಾಕು. ಒಂದು ಬಾಟಲಿ ಉಳಿದವುಗಳ ಎರಡರಷ್ಟು ತುಂಬಿದರೆ ಆ ಇಂಜೆಕ್ಟರ್ ಸವೆದಿದೆ. ನಾಲ್ಕೂ ಚಕ್ರ ಜಾಕ್ ಮೇಲೆ ಎತ್ತಿ ಕೈಯಿಂದ ತಿರುಗಿಸಿ ನೋಡುವುದನ್ನು ಯಾರೂ ಮಾಡುವುದಿಲ್ಲ. ಹಿಡಿದುಕೊಂಡ ಬ್ರೇಕ್ ಕ್ಯಾಲಿಪರ್ ಕೂಡ 'ಗಾಡಿ ಎಳೆಯುವುದಿಲ್ಲ' ಅನ್ನುವ ದೂರಾಗಿಯೇ ಬರುತ್ತದೆ. ಟೈರ್ ದೊಡ್ಡದು ಹಾಕಿಸಿದ್ದೀರಾ? 185/65 ಆರ್15 ಇರುವ ಜಾಗಕ್ಕೆ 205/65 ಆರ್15 ಹಾಕಿದರೆ ಚಕ್ರದ ವ್ಯಾಸ 4 ಶೇಕಡಾ ಹೆಚ್ಚುತ್ತದೆ, ಪ್ರತಿ ಗೇರ್‌ನಲ್ಲೂ ಎಳೆತ ಅಷ್ಟೇ ಇಳಿಯುತ್ತದೆ.

ಇದೆಲ್ಲ ಸರಿ ಇದೆ ಅಂತ ಖಾತ್ರಿಯಾದ ಮೇಲೆ ರಿಮ್ಯಾಪ್ ಮಾತು. ಒಳ್ಳೆಯ ಸ್ಟೇಜ್ 1 ಫೈಲ್‌ನಿಂದ (ಬಿಡಿಭಾಗ ಬದಲಿಸದೆ ಸಾಫ್ಟ್‌ವೇರ್ ಮಾತ್ರ ಬದಲಿಸುವುದು) ಈ ಎಂಜಿನ್ ಸಾಮಾನ್ಯವಾಗಿ 90–95 ಪಿಎಸ್, 225–235 ಎನ್‌ಎಂ ಮುಟ್ಟುತ್ತದೆ. 30 ಪಿಎಸ್ ಹೆಚ್ಚು ಅನ್ನುವುದು ಮಾರುವವರ ಲೆಕ್ಕ. ಅದಕ್ಕಿಂತ ಮುಖ್ಯವಾದದ್ದು ಆ ಪವರ್ ಎಲ್ಲಿ ಸಿಗುತ್ತದೆ ಅನ್ನುವುದು. ಎನ್‌ಎಂ ಅನ್ನು ಆರ್‌ಪಿಎಂನಿಂದ ಗುಣಿಸಿ 7024ರಿಂದ ಭಾಗಿಸಿದರೆ ಪಿಎಸ್ ಬರುತ್ತದೆ. 2000 ಆರ್‌ಪಿಎಂನಲ್ಲಿ ಈಗಿನ 190 ಎನ್‌ಎಂ ಅಂದರೆ 54 ಪಿಎಸ್. ಅದು 230 ಆದರೆ 65 ಪಿಎಸ್. ಘಟ್ಟದಲ್ಲಿ ನಿಮ್ಮ ಕಾಲಿಗೆ ಸಿಗುವುದು ಈ 11 ಪಿಎಸ್. 15–20 ಪಿಎಸ್ ಹೆಚ್ಚಳ ಸಿಗುವುದು 4000ದ ಹತ್ತಿರ, ಅಲ್ಲಿಗೆ ನೀವು ಘಟ್ಟದಲ್ಲಿ ಹೋಗುವುದೇ ಅಪರೂಪ.

ಹೆಚ್ಚಿದ ಟಾರ್ಕ್‌ನ ಬಿಸಿ ಮೊದಲು ತಟ್ಟುವುದು ಕ್ಲಚ್‌ಗೆ. ಐದನೇ ಗೇರ್‌ನಲ್ಲಿ 1800 ಆರ್‌ಪಿಎಂನಿಂದ ಪೂರ್ತಿ ಆಕ್ಸಿಲರೇಟರ್ ಒತ್ತಿ. ವೇಗ ಏರದೆ ಆರ್‌ಪಿಎಂ ಮುಳ್ಳು ಮಾತ್ರ ಜಿಗಿದರೆ ಕ್ಲಚ್ ಜಾರುತ್ತಿದೆ. 1.3 ಲಕ್ಷ ಓಡಿದ ಮೂಲ ಕ್ಲಚ್ ಆಗಿದ್ದರೆ ಈಗ ಜಾರದಿದ್ದರೂ ರಿಮ್ಯಾಪ್ ಆದ ಮೇಲೆ ಜಾರುವ ಸಾಧ್ಯತೆ ಹೆಚ್ಚು. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಬದಲಿಸಿ. ಗೇರ್‌ಬಾಕ್ಸ್ ಇಳಿಸುವ ಕೂಲಿ ಎರಡು ಸಲ ಯಾಕೆ ಕೊಡಬೇಕು? ಈ ಎಂಜಿನ್‌ನ ಇನ್ನೊಂದು ದುರ್ಬಲ ಜಾಗ ಟೈಮಿಂಗ್ ಚೈನ್. ಬೆಳಿಗ್ಗೆ ಶುರು ಮಾಡಿದ ಕೂಡಲೇ ಚೈನ್ ಕಡೆಯಿಂದ ಕಟಕಟ ಸದ್ದು ಬಂದರೆ ಚೈನ್, ಟೆನ್ಷನರ್, ಗೈಡ್ ಬದಲಿಸುವವರೆಗೆ ರಿಮ್ಯಾಪ್ ಹೆಸರೆತ್ತಬೇಡಿ. ಚೈನ್ ಹಾರಿದರೆ ಕವಾಟಗಳು ಪಿಸ್ಟನ್‌ಗೆ ಬಡಿಯುತ್ತವೆ. ಎಂಜಿನ್ ಆಯಿಲ್ ಅನ್ನು 10 ಸಾವಿರದ ಬದಲು 7 ಸಾವಿರ ಕಿ.ಮೀ.ಗೇ ಬದಲಿಸಿ. ಚೈನ್ ಮತ್ತು ಟರ್ಬೊ ಬೇರಿಂಗ್ ಎರಡರ ಆಯುಷ್ಯವೂ ಅದರ ಮೇಲಿದೆ.

ಪ್ಲಗ್ ಹಾಕಿ ಕೂರಿಸುವ 'ಟ್ಯೂನಿಂಗ್ ಬಾಕ್ಸ್' ಬೇಡ. ಅದರಲ್ಲಿ ಹೆಚ್ಚಿನವು ರೇಲ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆ) ಒತ್ತಡ ಕಡಿಮೆ ಇದೆ ಅಂತ ಇಸಿಯುಗೆ ಸುಳ್ಳು ಸಂಕೇತ ಕಳಿಸಿ, ಪಂಪನ್ನು ಹೆಚ್ಚು ದುಡಿಸುತ್ತವೆ. ಬೂಸ್ಟ್ ಎಷ್ಟಿದೆ, ಹೊಗೆಯ ಮಿತಿ ಎಷ್ಟು ಅನ್ನುವ ಲೆಕ್ಕ ಅವಕ್ಕೆ ಇರುವುದಿಲ್ಲ. ಕೆಲವು ನೂರು ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗುವ, ಸ್ಕ್ಯಾನರ್ ಹಾಕುವ ಸಾಕೆಟ್‌ಗೆ ಚುಚ್ಚುವ ಒಬಿಡಿ ಚಿಪ್ ಒಳಗೆ ಸಾಮಾನ್ಯವಾಗಿ ಮಿನುಗುವ ದೀಪ ಬಿಟ್ಟರೆ ಬೇರೇನೂ ಇಲ್ಲ. ಪೆಟ್ರೋಲ್ ಸ್ವಿಫ್ಟ್ ಇರುವವರಿಗೂ ಒಂದು ಮಾತು: ಟರ್ಬೊ ಇಲ್ಲದ 1.2 ಎಂಜಿನ್‌ನಲ್ಲಿ ರಿಮ್ಯಾಪ್‌ನಿಂದ ಸಿಗುವುದು ನಾಲ್ಕೈದು ಪಿಎಸ್, ಆ ದುಡ್ಡಿಗೆ ಒಳ್ಳೆಯ ಟೈರ್ ಹಾಕಿಸಿ.

ಕಾನೂನು ಕೂಡ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 182ಎ(4) ಪ್ರಕಾರ ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ಕ್ಲೇಮ್‌ನಲ್ಲಿ ತಕರಾರು ಬರುತ್ತದೆ. ಹೊಗೆ ತಪಾಸಣೆಯಲ್ಲಿ ಬಿಎಸ್-4 ಡೀಸೆಲ್‌ಗೆ ಹೊಗೆಯ ದಟ್ಟತೆಯ ಮಿತಿ ಪ್ರತಿ ಮೀಟರ್‌ಗೆ 1.62, ಅದಕ್ಕೂ ಹಳೆಯ ಗಾಡಿಗೆ 2.45. ಇಜಿಆರ್ ಮುಚ್ಚಿಸಿ ಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ.

ಇಷ್ಟೆಲ್ಲ ತಿಳಿದೂ ಮಾಡಿಸುವುದಾದರೆ, ಮೂಲ ಫೈಲ್‌ನ ಪ್ರತಿ ನಿಮ್ಮ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಫೈಲ್ ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಹಚ್ಚಿರಲಿ, ನಡುವೆ ವೋಲ್ಟೇಜ್ ಬಿದ್ದರೆ ಇಸಿಯು ಸತ್ತೇ ಹೋಗಬಹುದು. ಡೈನೊ (ಪವರ್ ಅಳೆಯುವ ಯಂತ್ರ) ಇದ್ದರೆ ಮುಂಚೆ-ಆಮೇಲೆ ಎರಡೂ ಅಳತೆ ಒಂದೇ ಯಂತ್ರದಲ್ಲಿ, ಒಂದೇ ದಿನ, ಒಂದೇ ಗೇರ್‌ನಲ್ಲಿ ಆಗಬೇಕು. ಬೇರೆ ಊರಿನ ಬೇರೆ ಯಂತ್ರದ ಅಂಕಿ ಹೋಲಿಸಿ ಫಲವಿಲ್ಲ. ಹುಬ್ಬಳ್ಳಿ-ಧಾರವಾಡ ಬೈಪಾಸ್ ಮೇಲೆ ಟೆಸ್ಟ್ ರನ್ ಖಂಡಿತ ಬೇಡ. ಆಮೇಲೆ ಪೂರ್ತಿ ಆಕ್ಸಿಲರೇಟರ್‌ನಲ್ಲಿ ಕನ್ನಡಿಯಲ್ಲಿ ಕಪ್ಪು ಹೊಗೆ ಕಾಣುತ್ತಿದ್ದರೆ ಆ ಫೈಲ್ ವಾಪಸ್ ಮಾಡಿಸಿ. ಹೊಗೆ ಇದ್ದಲ್ಲಿ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಎಕ್ಸಾಸ್ಟ್ ಬಿಸಿ ಏರಿ ಉದ್ದನೆಯ ಏರಿನಲ್ಲಿ ಮೊದಲು ಸುಡುವುದು ಟರ್ಬೊ.

ಅರಬೈಲ್ ಏರುವಾಗ ಮುಳ್ಳು 2000ದ ಕೆಳಗೆ ಇಳಿಯುವ ಮೊದಲೇ ಗೇರ್ ಇಳಿಸಿ, 2200–2800ರಲ್ಲಿ ಓಡಿಸಿ. ಏರು ಮುಗಿದು ಚಹಾಕ್ಕೆ ನಿಲ್ಲಿಸುವುದಾದರೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಕೀ ತೆಗೆಯಿರಿ.