ಪದ ಪರಿಚಯ: ಅಪಾಯಕಾರಿ ಅಂಶ – ಅಂಡಾಶಯದ ಕ್ಯಾನ್ಸರ್ ಮತ್ತು ಪರಿಸರ ಮಾಲಿನ್ಯ

ಒಂದು ಜನಸಮೂಹದಲ್ಲಿ ಒಂದು ರೋಗ ಕಾಣಿಸಿಕೊಳ್ಳುವ ಸಂಭವವನ್ನು ಹೆಚ್ಚಿಸುವ ಯಾವುದೇ ಸಂಗತಿಯನ್ನು ವೈದ್ಯಕೀಯ ಬರಹಗಳಲ್ಲಿ ‘ಅಪಾಯಕಾರಿ ಅಂಶ’ ಎನ್ನುತ್ತಾರೆ. ಅದು ವಯಸ್ಸಾಗಿರಬಹುದು, ವಂಶವಾಹಿಯಾಗಿರಬಹುದು, ಉಸಿರಾಡುವ ಗಾಳಿ ಅಥವಾ ಕೆಲಸದ ಜಾಗದ ದೂಳೂ ಆಗಿರಬಹುದು. ಆ ಅಂಶ ಇದ್ದವರಿಗೆಲ್ಲ ರೋಗ ಬರುವುದಿಲ್ಲ; ಇಲ್ಲದವರಿಗೆ ಬಾರದೆಂಬ ಭರವಸೆಯೂ ಇಲ್ಲ. ಅಂಡಾಶಯದ ಕ್ಯಾನ್ಸರ್ ವಿಷಯದಲ್ಲಿ ಈ ಪದವನ್ನು ಎಚ್ಚರದಿಂದ ಬಳಸಬೇಕು. ಮಾಲಿನ್ಯದ ಮಾತು ಬಂದಾಗ, ಗಟ್ಟಿಯಾದ ಸಾಕ್ಷ್ಯವಿರುವ ವಸ್ತುವನ್ನೂ ಇನ್ನೂ ಅನುಮಾನದ ಹಂತದಲ್ಲಿರುವ ವಸ್ತುವನ್ನೂ ಒಂದೇ ಸಾಲಿನಲ್ಲಿ ಕೂರಿಸುವುದು ರೂಢಿಯಾಗಿಬಿಟ್ಟಿದೆ.

ಈ ಗೊಂದಲಕ್ಕೆ ಒಂದು ಕಾರಣ, ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ ಫ್ರಾನ್ಸಿನ ಲಿಯಾನ್ ನಗರದಿಂದ ಕೆಲಸ ಮಾಡುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವರ್ಗೀಕರಣವನ್ನು ತಪ್ಪಾಗಿ ಓದುವುದು. ಗುಂಪು 1 (ಖಚಿತವಾಗಿ ಕ್ಯಾನ್ಸರ್‌ಕಾರಕ), ಗುಂಪು 2ಎ (ಬಹುಶಃ ಕ್ಯಾನ್ಸರ್‌ಕಾರಕ), ಗುಂಪು 2ಬಿ (ಕ್ಯಾನ್ಸರ್‌ಕಾರಕ ಆಗಿರುವ ಸಾಧ್ಯತೆ ಇದೆ) ಎಂಬ ವಿಂಗಡಣೆ ಒಂದು ವಸ್ತು ಕ್ಯಾನ್ಸರ್ ಉಂಟುಮಾಡುತ್ತದೆ ಎಂಬುದಕ್ಕೆ ಸಾಕ್ಷ್ಯ ಎಷ್ಟು ಬಲವಾಗಿದೆ ಎಂಬುದನ್ನು ಹೇಳುತ್ತದೆಯೇ ಹೊರತು, ಅದರಿಂದ ಎಷ್ಟು ಜನರಿಗೆ ರೋಗ ಬರುತ್ತದೆ ಎಂಬುದನ್ನಲ್ಲ. 2013ರಲ್ಲಿ ಹೊರಾಂಗಣ ವಾಯುಮಾಲಿನ್ಯವನ್ನು ಗುಂಪು 1ಕ್ಕೆ ಸೇರಿಸಿದ್ದು ಶ್ವಾಸಕೋಶದ ಕ್ಯಾನ್ಸರ್ ಕುರಿತ ಸಾಕ್ಷ್ಯದ ಬಲದಿಂದ. ಆ ತೀರ್ಮಾನವನ್ನು ಎತ್ತಿಕೊಂಡು ಅಂಡಾಶಯಕ್ಕೆ ಅಂಟಿಸುವಂತಿಲ್ಲ.

ಮಾಲಿನ್ಯದ ವಸ್ತುಗಳ ಪೈಕಿ ಅಂಡಾಶಯಕ್ಕೇ ಸಂಬಂಧಿಸಿದಂತೆ ಈ ಸಂಸ್ಥೆಯ ಸ್ಪಷ್ಟ ತೀರ್ಪು ಇರುವುದು ನಾರಿನಂಥ ಖನಿಜವಾದ ಆಸ್ಬೆಸ್ಟಾಸ್ ಬಗ್ಗೆ. ಅದು ಶ್ವಾಸಕೋಶದ ಕ್ಯಾನ್ಸರನ್ನೂ ಶ್ವಾಸಕೋಶದ ಹೊದಿಕೆಯ ಮೀಸೋಥೀಲಿಯೋಮ ಎಂಬ ಗೆಡ್ಡೆಯನ್ನೂ ತರುತ್ತದೆಂಬುದು ಹಿಂದೆಯೇ ಖಚಿತವಾಗಿತ್ತು. 2009ರ ಮರುಪರಿಶೀಲನೆಯಲ್ಲಿ ಅಂಡಾಶಯದ ಕ್ಯಾನ್ಸರ್ ಸಹ ಆ ಪಟ್ಟಿಗೆ ಸೇರಿತು. ಇದಕ್ಕೆ ಆಧಾರವಾದವರಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ವಿಷಾನಿಲ ತಡೆಯುವ ಮುಖವಾಡಗಳನ್ನು ತಯಾರಿಸಿದ ಮಹಿಳೆಯರೂ ಇದ್ದಾರೆ. ಮುಖವಾಡದ ಡಬ್ಬಿಯೊಳಗಿನ ಶೋಧಕದಲ್ಲಿ ನೀಲಿ ಆಸ್ಬೆಸ್ಟಾಸ್ ನಾರು ಇರುತ್ತಿತ್ತು. ಅದನ್ನು ಕೈಯಾರೆ ತುಂಬಿ ಜೋಡಿಸುವಾಗ ಎದ್ದ ದೂಳನ್ನು ಅವರು ಉಸಿರಾಡುತ್ತಿದ್ದರು. ದಶಕಗಳ ನಂತರ ಮರಣ ದಾಖಲೆಗಳನ್ನು ಪರಿಶೀಲಿಸಿದಾಗ ಅವರಲ್ಲಿ ಅಂಡಾಶಯದ ಕ್ಯಾನ್ಸರಿನಿಂದ ಸತ್ತವರ ಸಂಖ್ಯೆ ನಿರೀಕ್ಷೆಗಿಂತ ಹೆಚ್ಚಾಗಿತ್ತು. ಇದಕ್ಕೊಂದು ಆಕ್ಷೇಪವೂ ಇತ್ತು: ಹೊಟ್ಟೆಯ ಒಳಪೊರೆಯಲ್ಲಿ ಹುಟ್ಟುವ ಮೀಸೋಥೀಲಿಯೋಮವನ್ನು ಹಳೆಯ ಕಾಲದ ವೈದ್ಯರು ಅಂಡಾಶಯದ ಕ್ಯಾನ್ಸರ್ ಎಂದು ಬರೆದಿರುವ ಸಾಧ್ಯತೆ ಇರಲಿಲ್ಲವೇ? ಸಾಧ್ಯತೆ ಇತ್ತು. ಆದರೆ ಆ ತಪ್ಪೊಂದರಿಂದಲೇ ಇಡೀ ಹೆಚ್ಚಳವನ್ನು ವಿವರಿಸಲಾಗದು ಎಂಬ ನಿಲುವಿಗೆ ತಜ್ಞರು ಬಂದರು. ಅಂಡಾಶಯದ ಅಂಗಾಂಶದಲ್ಲೇ ಈ ನಾರುಗಳು ಸಿಕ್ಕಿರುವುದೂ ಅದಕ್ಕೆ ಪೂರಕವಾಗಿತ್ತು.

ಮೈಗೆ ಹಚ್ಚುವ ಪೌಡರಿನಲ್ಲಿ ಬಳಸುವ ಟಾಲ್ಕ್ ಎಂಬ ಖನಿಜದ ಪುಡಿಯಿಂದ ಅಂಡಾಶಯದ ಕ್ಯಾನ್ಸರ್ ಬರುತ್ತದೆಯೇ ಎಂಬ ವಿವಾದಕ್ಕೂ ಆಸ್ಬೆಸ್ಟಾಸ್‌ಗೂ ನಂಟಿದೆ. ಭೂಮಿಯಲ್ಲಿ ಈ ಎರಡು ಖನಿಜಗಳು ಹಲವೆಡೆ ಒಟ್ಟಿಗೇ ಇರುವುದರಿಂದ, ಟಾಲ್ಕ್‌ನಲ್ಲಿ ಆಸ್ಬೆಸ್ಟಾಸ್ ಬೆರೆತಿರುವ ಸಾಧ್ಯತೆ ಇರುತ್ತದೆ. 2024ರಲ್ಲಿ ಟಾಲ್ಕನ್ನು ಗುಂಪು 2ಎ, ಅಂದರೆ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದು ವರ್ಗೀಕರಿಸಲಾಯಿತು. ಪ್ರಾಣಿಗಳಲ್ಲಿ ಸಾಕಷ್ಟು ಸಾಕ್ಷ್ಯವಿದ್ದರೂ ಮನುಷ್ಯರಲ್ಲಿ ಅದು ಸೀಮಿತವಾಗಿದೆ ಎಂಬುದನ್ನು ಆ ತೀರ್ಮಾನವೇ ಹೇಳುತ್ತದೆ.

ಹಾರ್ಮೋನುಗಳ ಕೆಲಸವನ್ನು ಕದಡುವ ರಾಸಾಯನಿಕಗಳ ವಿಷಯ ಬೇರೆ. ಕೀಟನಾಶಕವಾದ ಡಿಡಿಟಿ, ಕಸ ಸುಟ್ಟಾಗ ಹುಟ್ಟುವ ಡಯಾಕ್ಸಿನ್, ಹಳೆಯ ವಿದ್ಯುತ್ ಉಪಕರಣಗಳಲ್ಲಿ ಬಳಸುತ್ತಿದ್ದ ಪಿಸಿಬಿ ಮುಂತಾದವು ಕೊಬ್ಬಿನಲ್ಲಿ ಕರಗಿ ದೇಹದಲ್ಲಿ ವರ್ಷಗಟ್ಟಲೆ ಉಳಿಯುತ್ತವೆ, ಕೆಲವು ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನಿನಂತೆ ವರ್ತಿಸುತ್ತವೆ. ಋತುಬಂಧದ ಬಳಿಕ ಈಸ್ಟ್ರೋಜನ್ ಚಿಕಿತ್ಸೆ ಪಡೆದವರಲ್ಲಿ ಈ ಕ್ಯಾನ್ಸರಿನ ಅಪಾಯ ಹೆಚ್ಚುವುದು ಗೊತ್ತಿರುವುದರಿಂದ ಅನುಮಾನಕ್ಕೆ ತಕ್ಕ ಆಧಾರವಿದೆ. ಆದರೆ ಮನುಷ್ಯರ ಮೇಲಿನ ಅಧ್ಯಯನಗಳ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ಗಾಳಿಯಲ್ಲಿನ ಸೂಕ್ಷ್ಮ ಕಣಗಳ ಕುರಿತ ಅಧ್ಯಯನಗಳ ಸ್ಥಿತಿಯೂ ಹೀಗೆಯೇ ಇದೆ. ಇದಕ್ಕೆ ಕಾರಣಗಳಿವೆ: ಇಂಥ ವಸ್ತುಗಳಿಗೆ ಮೈಯೊಡ್ಡಿದ ಕಾಲಕ್ಕೂ ರೋಗ ಪತ್ತೆಯಾಗುವುದಕ್ಕೂ ನಡುವೆ ದಶಕಗಳು ಕಳೆದಿರುತ್ತವೆ, ಅಷ್ಟರಲ್ಲಿ ಮಹಿಳೆ ಊರು ಬದಲಿಸಿರುತ್ತಾಳೆ. ಅದೂ ಅಲ್ಲದೆ ‘ಅಂಡಾಶಯದ ಕ್ಯಾನ್ಸರ್’ ಒಂದೇ ರೋಗವಲ್ಲ. ಅತಿ ಸಾಮಾನ್ಯವಾದ ಬಗೆಯ ಮೊದಲ ಜೀವಕೋಶಗಳು ಬಹಳ ಸಲ ಹುಟ್ಟುವುದು ಅಂಡನಾಳದ ತುದಿಯಲ್ಲಿ. ಧೂಮಪಾನದ ನಂಟು ಕಂಡಿರುವುದು ಲೋಳೆ ಸ್ರವಿಸುವ ಇನ್ನೊಂದು ಬಗೆಯೊಂದಿಗೆ. ಇವನ್ನೆಲ್ಲ ಒಂದೇ ಲೆಕ್ಕಕ್ಕೆ ಸೇರಿಸಿದರೆ ನಿಜವಾದ ನಂಟೂ ಮಸುಕಾಗುತ್ತದೆ.

ಅಪಾಯ ‘ಶೇ 20ರಷ್ಟು ಹೆಚ್ಚು’ ಎಂಬ ಮಾತನ್ನು ಓದುವಾಗ ಮೂಲ ಸಂಖ್ಯೆಯನ್ನು ಕೇಳಬೇಕು. ಸಾವಿರ ಮಹಿಳೆಯರಲ್ಲಿ ಜೀವಮಾನದಲ್ಲಿ ಹತ್ತು ಮಂದಿಗೆ ಬರುವ ರೋಗ ಶೇ 20ರಷ್ಟು ಹೆಚ್ಚಿದರೆ ಹನ್ನೆರಡು ಮಂದಿಗೆ ಬರುತ್ತದೆ. ಹಾನಿಗೊಂಡ ಡಿಎನ್‌ಎಯನ್ನು ಸರಿಪಡಿಸಲು ನೆರವಾಗುವ ಬಿಆರ್‌ಸಿಎ1 ಎಂಬ ವಂಶವಾಹಿಯಲ್ಲಿ ಹಾನಿಕಾರಕ ಬದಲಾವಣೆ ಇರುವವರಲ್ಲಾದರೋ 80 ವರ್ಷದ ಹೊತ್ತಿಗೆ ಈ ಸಂಭವ ಶೇ 40ರ ಆಸುಪಾಸಿನಲ್ಲಿರುತ್ತದೆ. ಹಾಗೆಂದು ಚಿಕ್ಕ ಹೆಚ್ಚಳವನ್ನು ಕಡೆಗಣಿಸುವಂತಿಲ್ಲ: 2022ರಲ್ಲಿ ಜಗತ್ತಿನಾದ್ಯಂತ ಸುಮಾರು 3.24 ಲಕ್ಷ ಮಹಿಳೆಯರಲ್ಲಿ ಹೊಸದಾಗಿ ಈ ಕ್ಯಾನ್ಸರ್ ಪತ್ತೆಯಾಯಿತು, ಮತ್ತು ವಂಶವಾಹಿಯನ್ನು ಬದಲಿಸಲಾಗದಿದ್ದರೂ ಕಾರ್ಖಾನೆಯ ದೂಳನ್ನು ತಡೆಯಬಹುದು.

ರೋಗಲಕ್ಷಣಗಳಿಲ್ಲದ ಸಾಮಾನ್ಯ ಮಹಿಳೆಯರಿಗೆ ಉಪಯೋಗವಾಗುವ ತಪಾಸಣೆ ಇನ್ನೂ ಇಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ರಕ್ತಪರೀಕ್ಷೆಯಾಗಲಿ ಸ್ಕ್ಯಾನಿಂಗ್ ಆಗಲಿ ಸಾವುಗಳನ್ನು ತಗ್ಗಿಸಲಿಲ್ಲವೆಂದು 2021ರಲ್ಲಿ ವರದಿಯಾಯಿತು. ಹಾಗಾಗಿ ಹೊಟ್ಟೆಯುಬ್ಬರ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ವಾರಗಟ್ಟಲೆ ಮುಂದುವರಿದರೆ ವೈದ್ಯರನ್ನು ಕಾಣಬೇಕು. ಆಗ ಕುಟುಂಬದ ಕ್ಯಾನ್ಸರ್ ಇತಿಹಾಸದ ಜತೆಗೆ, ಆಸ್ಬೆಸ್ಟಾಸ್ ದೂಳಿನಲ್ಲಿ ತಾನು ದುಡಿದದ್ದನ್ನೂ, ಅಂಥ ಕೆಲಸ ಮಾಡಿಬಂದವರ ಬಟ್ಟೆ ಒಗೆದದ್ದನ್ನೂ, ಅದು ಎಷ್ಟೇ ಹಳೆಯದಾಗಿದ್ದರೂ, ತಿಳಿಸಬೇಕು.